ಸರ್ವರಬಿ ಕೊಡದ ಮೆಮೊರಿ ಕಾರ್ಡು

2009ರ ಫೆಬ್ರವರಿಯಲ್ಲಿ ಬಳ್ಳಾರಿಯ ಗಾಂಧಿನಗರದ ನಮ್ಮ ಆಫೀಸಿಗೆ ಬೆಂಗಳೂರಿನಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಆರು ಮೊಬೈಲುಗಳಿದ್ದವು. ಸರ್ವೆ ಮಾಡುವವರು ನಾವೂ ಆರು ಜನ. ಐದು ಗಂಡಸರು, ಒಬ್ಬಳು ಹೆಂಗಸು. ಆಫೀಸಿನ ಮಾಲೀಕ ಶಶಿಕಾಂತ್ ನಮಗೆ ಐವರಿಗೆ ಒಂದೊಂದು ಮೊಬೈಲು ಹಂಚಿದ. ಆರನೆಯದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದ.

"ಸರ್ವರಬಿ, ನಿಮಗ ಇದು ಬ್ಯಾಡ್ರಿ. ನಲವತ್ತು ದಾಟೇತಿ, ಅಕ್ಷರ ಕಾಣಂಗಿಲ್ಲ. ನೀವು ಇವ್ರ ಜೋಡಿ ಹೋಗ್ರಿ, ಮನಿ ಬಾಗ್ಲಾ ತಗಸ್ರಿ. ನಿಮ್ಮ ಮಾರಿ ನೋಡಿದ್ರ ಹೆಂಗಸ್ರು ಒಳಗ ಕರೀತಾರ. ಬಟನ್ ಒತ್ತಾಕ ಇವ್ರು ಅದಾರ."

ಸರ್ವರಬಿ ಕುರ್ಚಿಯಿಂದ ಏಳಲಿಲ್ಲ.

"ಸರ, ಹದಿನಾರು ವರ್ಷ ಜೀನ್ಸ್ ಪ್ಯಾಂಟಿಗೆ ಜಿಪ್ ಹಚ್ಚೀನಿ. ಸೂಜಿಗೆ ದಾರ ಪೋಣಿಸಾಕ ಈ ಕಣ್ಣು ಸಾಕಾಗ್ಯಾವು. ಕೇಳೋದು ನಾನು, ಒತ್ತೋದು ಇನ್ನೊಬ್ರು ಅಂದ್ರ ಆ ಉತ್ತರ ಯಾರ್ದು? ಡ್ರಾಯರ್ ತಗೀರಿ."

ಶಶಿಕಾಂತ್ ನಕ್ಕ. ಸರ್ವರಬಿ ನಗಲಿಲ್ಲ, ಮೇಜಿನ ಮುಂದಿನಿಂದ ಕದಲಲೂ ಇಲ್ಲ. ಬೇರೆ ಯಾರೋ ಬಂದು ನಿಂತರು, ಫೋನು ಬಂತು, ಚಹಾ ಬಂತು. ಆಕೆ ಹಾಗೇ ಕೂತಿದ್ದಳು. ಕೊನೆಗೆ ಅವನೇ ಬೇಸತ್ತು ಡ್ರಾಯರು ತೆಗೆದ.

ಆ ಐವರು ಗಂಡಸರಲ್ಲಿ ನಾನೂ ಒಬ್ಬ. ಹೆಸರು ಸುಂಕಪ್ಪ, ಊರು ಸಿರುಗುಪ್ಪ. ಆಗ ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಈಗ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಸರ್ವರಬಿಯ ಬಗ್ಗೆ, ನಮ್ಮ ಸರ್ವರಕ್ಕನ ಬಗ್ಗೆ, ಬರೆಯುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ಆಕೆಯ ವಿರುದ್ಧ ಒಮ್ಮೆ ಸಹಿ ಹಾಕಿದವನು ನಾನು. ಆದರೆ ಎಲ್ಲವನ್ನೂ ಹತ್ತಿರದಿಂದ ಕಂಡವನೂ ನಾನೇ.

ಆಕೆಯ ಮನೆ ಕೌಲ್ ಬಜಾರಿನಲ್ಲಿತ್ತು. ಗಂಡ ಮಹಮ್ಮದ್ ಗೌಸ್ ಟಿಪ್ಪರ್ ಲಾರಿಗಳ ಮೆಕ್ಯಾನಿಕ್. ಗಣಿಯ ಭರಾಟೆಯಲ್ಲಿ ಅವರ ಶೆಡ್ಡಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅದಿರಿನ ಕೆಂಪು ಧೂಳು ಅವರ ಹುಬ್ಬಿನಲ್ಲಿ, ಉಗುರಿನಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಇರುತ್ತಿತ್ತು. ಸರ್ವರಕ್ಕ ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾದ ಮೇಲೆ ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದಳು. ಒಮ್ಮೆ ಪೋಲಿಯೋ ಹನಿ ಹಾಕುವವರ ಜೊತೆ ಮನೆ ತೋರಿಸಲು ಹೋದವಳು, ನಾಲ್ಕು ಓಣಿಯ ಮಕ್ಕಳ ಪಟ್ಟಿಯನ್ನು ನರ್ಸಮ್ಮನಿಗಿಂತ ಚೆನ್ನಾಗಿ ಬರೆದುಕೊಟ್ಟಳಂತೆ. ಅಲ್ಲಿಂದ ಸರ್ವೆ ಕೆಲಸ ಹತ್ತಿತು. ಸೋಪಿನ ಸರ್ವೆ, ಶೌಚಾಲಯದ ಸರ್ವೆ, ಟಿ.ವಿ. ಯಾರು ನೋಡುತ್ತಾರೆ ಎನ್ನುವ ಸರ್ವೆ. ಹಿಂದಿ, ತೆಲುಗು, ಕನ್ನಡ ಮೂರೂ ಆಕೆಗೆ ಸಲೀಸು. ಬಾಗಿಲಲ್ಲಿ ನಿಂತ ಹೆಂಗಸು ಯಾವ ಭಾಷೆಯಲ್ಲಿ ಬೈದರೂ ಅದೇ ಭಾಷೆಯಲ್ಲಿ ಮಾತು ತೆಗೆಯುತ್ತಿದ್ದಳು.

ಈ ಸಲದ್ದು ದೊಡ್ಡ ಸರ್ವೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರದು. ಗಣಿಗಾರಿಕೆ ಹೆಚ್ಚಿದ ಮೇಲೆ ಜಿಲ್ಲೆಯ ಮನೆಗಳಲ್ಲಿ ಆರೋಗ್ಯ, ದುಡಿಮೆ ಏನಾಗಿದೆ ಎಂದು ಸಿರುಗುಪ್ಪ ಕಡೆ, ಕುರುಗೋಡು ಕಡೆ, ಬಳ್ಳಾರಿ ನಗರದಲ್ಲಿ ಕೇಳಬೇಕಿತ್ತು. ತರಬೇತಿ ಕೊಡಲು ಸೌಂದರ್ಯ ಎನ್ನುವ ಸಂಶೋಧಕಿ ಬಂದಿದ್ದರು. ಮೂವತ್ತರ ಆಸುಪಾಸಿನ ಹುಡುಗಿ. ನಮ್ಮೂರ ಬಿಸಿಲಿಗೆ ಮೊದಲ ದಿನವೇ ಮುಖ ಕೆಂಪಾಗಿತ್ತು.

ಕಾಗದ ಇನ್ನಿಲ್ಲ ಎಂದರು ಅವರು. ಉತ್ತರವನ್ನು ಮೊಬೈಲಿನಲ್ಲೇ ಒತ್ತಬೇಕು. ಸಿಗ್ನಲ್ ಇದ್ದರೆ ಆ ಕ್ಷಣವೇ ಬೆಂಗಳೂರಿನ ಕಂಪ್ಯೂಟರಿಗೆ ಹೋಗುತ್ತದೆ, ಇಲ್ಲದಿದ್ದರೆ ಒಳಗಿನ ಮೆಮೊರಿ ಕಾರ್ಡಿನಲ್ಲಿ ಕೂತಿರುತ್ತದೆ. ಯಾವ ಹೊತ್ತಿಗೆ ಶುರುವಾಯಿತು, ಯಾವಾಗ ಮುಗಿಯಿತು, ಭೂಮಿಯ ಮೇಲೆ ಯಾವ ಜಾಗದಲ್ಲಿ ನಿಂತು ಒತ್ತಿದ್ದು, ಎಲ್ಲವನ್ನೂ ಮೊಬೈಲೇ ಬರೆದುಕೊಳ್ಳುತ್ತದೆ. ಅದರ ಪರದೆಯ ಮೇಲೆ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಬರೀ ಚೌಕಾಕಾರದ ಡಬ್ಬಿಗಳು ಕಾಣುತ್ತಿದ್ದವು. ಅದಕ್ಕೆ ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ರಟ್ಟಿನ ಹಾಳೆ ಕೊಟ್ಟಿದ್ದರು. ಹಾಳೆ ನೋಡಿ ಕೇಳುವುದು, ಮೊಬೈಲಿನಲ್ಲಿ ಉತ್ತರದ ನಂಬರು ಒತ್ತುವುದು.

ನಾವು ಮೊದಲ ದಿನವೇ ಕಲಿತೆವು. ಸರ್ವರಕ್ಕನಿಗೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಆಕೆ ಸೌಂದರ್ಯ ಮೇಡಂಗೆ ತಪ್ಪು ತೋರಿಸಿದಳು. "ಮೇಡಂ, ಇಪ್ಪತ್ತೊಂದನೇ ಪ್ರಶ್ನೆಗೆ ಇಲ್ಲ ಅಂತ ಒತ್ತಿದ್ರ ಇದು ಮೂವತ್ತಕ್ಕ ಜಿಗೀತೈತಿ. ನಡುವಿನ ಹೆರಿಗಿ ಪ್ರಶ್ನೆ ಎಲ್ಲಾ ಬಿಟ್ಟುಹೋಗ್ತಾವು." ಮೇಡಂ ಪರೀಕ್ಷಿಸಿ ನೋಡಿದರು. ನಿಜವಾಗಿತ್ತು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಮೊದಲು ಸಿರುಗುಪ್ಪ ಕಡೆ ಕೆಲಸ ಶುರುವಾಯಿತು. ಈಗ ನನ್ನ ವಿಷಯ ಹೇಳಿಬಿಡಬೇಕು. ಕಾಗದದ ಕಾಲದಲ್ಲಿ ನಾವು ಹೋಟೆಲಿನಲ್ಲಿ ಕೂತು ಅರ್ಧ ಫಾರಂ ತುಂಬುತ್ತಿದ್ದೆವು. ಮೊಬೈಲು ಜಾಗ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಹೋಟೆಲು ಬಿಟ್ಟೆವು. ಹಳ್ಳಿಗೆ ಹೋಗುತ್ತಿದ್ದೆವು, ನಾಲ್ಕು ಮನೆ ಮಾಡುತ್ತಿದ್ದೆವು. ಉಳಿದವನ್ನು ಓಣಿಯಲ್ಲಿ ನಡೆಯುತ್ತ ನಡೆಯುತ್ತ, ಒಂದೊಂದು ಮನೆಯ ಮುಂದೆ ನಿಂತು ನಾವೇ ಒತ್ತುತ್ತಿದ್ದೆವು. ಫಾರಂ ತೆರೆದು ಜೇಬಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ತಿರುಗಾಡಿ ಮುಗಿಸಿದರೆ ಸಮಯವೂ ಸರಿ ಕಾಣುತ್ತಿತ್ತು. ಮಷೀನಿಗೆ ನಮ್ಮ ಮೇಲೆ ಒಂದು ಚೂರೂ ಸಂಶಯ ಬರಲಿಲ್ಲ.

ಸಂಶಯ ಬಂದದ್ದು ಸರ್ವರಕ್ಕನ ಮೇಲೆ. ಆಕೆಯ ಹದಿನಾಲ್ಕು ಫಾರಂಗಳು ಒಂದೇ ಜಾಗದಿಂದ ಬಂದಿವೆ, ಅಲ್ಲಿ ಮನೆಯೇ ಇಲ್ಲ ಎಂದು ಬೆಂಗಳೂರಿನಿಂದ ತಕರಾರು ಬಂತು. ಶಶಿಕಾಂತ್ ಎಲ್ಲರ ಮುಂದೆ ಆಕೆಯನ್ನು ನಿಲ್ಲಿಸಿದ. "ಒಂದ ಕಡಿ ಕುಂತು ಹದಿನಾಲ್ಕು ಮನಿ ತುಂಬೀರಿ. ಇದ ಏನ್ರಿ ನಿಮ್ಮ ಪ್ರಾಮಾಣಿಕತೆ?" ಆಕೆ ಒಂದೇ ಕಡೆ ಕೂತದ್ದನ್ನು ನಾವು ಕಂಡಿದ್ದೇವೆ ಎಂದು ಒಂದು ಹಾಳೆಯಲ್ಲಿ ಬರೆದು ನಮ್ಮೆದುರು ಇಟ್ಟ. ನಾವು ಐವರೂ ಸಹಿ ಹಾಕಿದೆವು. ಕಂಡಿದ್ದು ನಿಜವೇ. ನಮ್ಮ ಫಾರಂ ಬಗ್ಗೆ ಯಾರೂ ಕೇಳದಿರಲಿ ಎನ್ನುವುದೇ ಆಗ ನನಗಿದ್ದ ಯೋಚನೆ.

ಸರ್ವರಕ್ಕ ಹಾಳೆಯನ್ನು ಓದಿದಳು. ನನ್ನ ಸಹಿಯ ಹತ್ತಿರ ಆಕೆಯ ಬೆರಳು ಒಂದು ಗಳಿಗೆ ನಿಂತಿತು.

"ಹೌದ್ರಿ, ಒಂದ ಜಾಗದಾಗ ಕುಂತಿದ್ದೆ. ಮೇಡಂನ್ನ ಕರಸ್ರಿ. ಆ ಜಾಗ ತೋರಿಸ್ತೀನಿ."

ಸೌಂದರ್ಯ ಬಂದರು. ಸರ್ವರಕ್ಕ ಅವರನ್ನು ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಹಿಂದೆ, ಬೇಯಿಸಿದ ಭತ್ತ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋದಳು. ನಾವೂ ಹಿಂದೆ ಹೋದೆವು. ಹತ್ತಿಪ್ಪತ್ತು ಹೆಂಗಸರು ಕಾಲಿನಿಂದ ಭತ್ತ ತಿರುವುತ್ತಿದ್ದರು. ಸರ್ವರಕ್ಕನನ್ನು ಕಂಡು ವಿರೂಪಮ್ಮ ಎನ್ನುವವಳು ದೂರದಿಂದಲೇ ಕೂಗಿದಳು: "ಬಂದೇನಬೇ! ಇವತ್ತ ಮತ್ತೇನ್ ಕೇಳಾಕ ಬಂದಿ?"

"ಇವ್ರ ಮನಿಗೂ ಹೋಗಿದ್ದೆ ಮೇಡಂ," ಎಂದಳು ಸರ್ವರಕ್ಕ. "ಅತ್ತಿ ಬಾಗ್ಲಾಗ ಕುಂತಿದ್ಳು, ಗಂಡ ಮಂಚದ ಮ್ಯಾಲ. ಎಷ್ಟು ಬಸಿರು ನಿಂತಿಲ್ಲ, ಯಾರಿಗೆ ಕೆಮ್ಮು, ಯಾರು ಕುಡೀತಾರ, ಅವ್ರ ಮುಂದ ಯಾರು ಹೇಳ್ತಾರ? ಎಲ್ಲಾದಕ್ಕೂ ಅತ್ತೀನ ಉತ್ತರ ಕೊಟ್ಳು. ಅದನ್ನ ನಾನು ಒತ್ತಲಿಲ್ಲ. ಇಲ್ಲಿ ಬಂದು ಇವ್ರ ಜೋಡಿ ಕುಂತೆ. ನಿಮ್ಮ ಮಷೀನಿಗೆ ಎಲ್ಲಿ ಅಂತ ಗೊತ್ತಾಗೇತಿ, ಯಾಕ ಅಂತ ಗೊತ್ತಾಗಿಲ್ಲ."

ಸೌಂದರ್ಯ ಮೂವರು ಹೆಂಗಸರಿಗೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಉತ್ತರಗಳು ಸರಿಹೊಂದಿದವು. ವಾಪಸು ಬರುವಾಗ ಜೀಪಿನಲ್ಲಿ ಅವರು ಶಶಿಕಾಂತನಿಗೆ ಹೇಳಿದರು, "ಇವರ ಫಾರಂ ಒಂದನ್ನೂ ತೆಗೆಯೋ ಹಾಗಿಲ್ಲ." ನಾನು ಕಿಟಕಿಯಿಂದ ಹೊರಗೆ ಕಾಲುವೆಯನ್ನು ನೋಡುತ್ತ ಕೂತಿದ್ದೆ.

ಏಪ್ರಿಲಿನಲ್ಲಿ ಕೆಲಸ ಕುರುಗೋಡು ಕಡೆಗೆ ಹೊರಳಿತು. ನನಗೂ ಸರ್ವರಕ್ಕನಿಗೂ ಒಂದೇ ಹಳ್ಳಿ ಬಂತು. ಊರಿನ ಪಕ್ಕದಲ್ಲೇ ಅದಿರು ಸುಟ್ಟು ಕಬ್ಬಿಣ ತೆಗೆಯುವ ಒಂದು ಸ್ಪಾಂಜ್ ಐರನ್ ಕಾರ್ಖಾನೆ. ಹಳ್ಳಿಯ ಹೆಸರನ್ನು ಸರ್ವರಕ್ಕ ಇವತ್ತಿಗೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕಾರ್ಖಾನೆಯ ಹೊಗೆ ಮಧ್ಯಾಹ್ನ ಊರಿನ ಮೇಲೆ ಇಳಿಯುತ್ತಿತ್ತು. ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ನೀರಿನ ಟ್ಯಾಂಕಿನ ಹತ್ತಿರ ಹೊನ್ನೂರಮ್ಮ ಎನ್ನುವವಳ ಮನೆ. ಅರವತ್ತರ ಹೆಂಗಸು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗುವಿನ ಎದೆ ಗೊರಗೊರ ಎನ್ನುತ್ತಿತ್ತು. ಸರ್ವರಕ್ಕ ಪ್ರಶ್ನೆಗೆ ಮೊದಲು ಓದಬೇಕಾದ ಸಾಲುಗಳನ್ನು ಓದಿದಳು: ನಿಮ್ಮ ಹೆಸರನ್ನು ಬರೆದುಕೊಳ್ಳುವುದಿಲ್ಲ, ನೀವು ಹೇಳಿದ್ದು ನೀವೇ ಹೇಳಿದ್ದೆಂದು ಯಾರಿಗೂ ತಿಳಿಯುವುದಿಲ್ಲ. ನಾವಾದರೆ ಅದನ್ನು ಗೊಣಗಿ ಮುಗಿಸುತ್ತಿದ್ದೆವು. ಆಕೆ ಓದಿ, ಮತ್ತೆ ತನ್ನ ಮಾತಿನಲ್ಲಿ ಹೇಳುತ್ತಿದ್ದಳು.

"ಹೊನ್ನೂರಕ್ಕ, ನೀ ಹೇಳಿದ್ದು ನಿಂದು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಇದು ನಾನು ಕೊಡೋ ಮಾತು."

"ನೀ ಹೇಳ್ತಿಯಲ್ಲ, ಸಾಕು. ಬರಕೊ." ಹೊನ್ನೂರಮ್ಮ ಎಲ್ಲವನ್ನೂ ಹೇಳಿದಳು. ಮಗುವಿನ ಉಬ್ಬಸ, ತನ್ನ ಕೆಮ್ಮು, ಮಗ ಕೆಲಸ ತಪ್ಪಿಸಿದ ದಿನಗಳು. ಇದಕ್ಕೆಲ್ಲ ಕಾರಣ ಏನು ಎನ್ನುವ ಪ್ರಶ್ನೆಗೆ ಅವಳು ಚಿಮಣಿಯ ಕಡೆ ಕೈ ಮಾಡಿದಳು. ಪಕ್ಕದ ಮನೆಯ ಪಾರಮ್ಮನೂ ಅದನ್ನೇ ಹೇಳಿದಳು. ಆದರೆ ಬಾಗಿಲು ಮುಂದೆ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು. ಅವಳ ಗಂಡ ಅದೇ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ.

ಮೊದಲ ಎರಡು ದಿನದ ಫಾರಂಗಳು ಸಿಗ್ನಲ್ ಸಿಕ್ಕು ಬೆಂಗಳೂರಿಗೆ ಹೋದವು. ಹೊನ್ನೂರಮ್ಮ, ಪಾರಮ್ಮ ಇಬ್ಬರದೂ ಅದರಲ್ಲಿದ್ದವು. ಆಮೇಲೆ ಟವರು ಕೆಟ್ಟಿತು. ಮೂರು ದಿನದ ಮೂವತ್ತೇಳು ಫಾರಂ ಆಕೆಯ ಮೊಬೈಲಿನಲ್ಲೇ ಉಳಿದವು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಬ್ಯಾಟರಿ ಬದಲಿಸಿಕೊಳ್ಳಲು ಆಫೀಸಿಗೆ ಹೋದೆವು. ಶಶಿಕಾಂತನ ಪಕ್ಕದಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಒಬ್ಬ ಮನುಷ್ಯ ಕೂತಿದ್ದ. ಅದೇ ಕಾರ್ಖಾನೆಯ ಮ್ಯಾನೇಜರ್ ಎಂದು ಆಮೇಲೆ ತಿಳಿಯಿತು. ಅವರ ಕಡೆಯ ಯಾವುದೋ ವರದಿಯ ಕೆಲಸವನ್ನೂ ಶಶಿಕಾಂತ್ ಹಿಡಿದಿದ್ದ. ಇಬ್ಬರೂ ಕಂಪ್ಯೂಟರ್ ನೋಡುತ್ತಿದ್ದರು. ಪರದೆಯ ಮೇಲೆ ಆಕಾಶದಿಂದ ತೆಗೆದ ಹಳ್ಳಿಯ ಚಿತ್ರ ಇತ್ತು. ಮನೆಗಳ ಮಾಳಿಗೆಗಳು, ನೀರಿನ ಟ್ಯಾಂಕು, ಹಾದಿ ಎಲ್ಲ ಕಾಣುತ್ತಿದ್ದವು. ಮನೆಗಳ ಮೇಲೆ ಕೆಂಪು ಚುಕ್ಕಿಗಳಿದ್ದವು. ಸರ್ವೆಯ ತಪಾಸಣೆಗೆಂದು ಬೆಂಗಳೂರಿನವರು ಆಫೀಸಿಗೆ ಕೊಟ್ಟಿದ್ದ ನಕ್ಷೆ ಅದು. ಶಶಿಕಾಂತ್ ಟ್ಯಾಂಕಿನ ಪಕ್ಕದ ಚುಕ್ಕಿಯ ಮೇಲೆ ಒತ್ತಿದ. ಉತ್ತರಗಳ ಪಟ್ಟಿ ತೆರೆಯಿತು.

"ಇದು ಯಾರ ಮನಿ?" ಎಂದು ಆ ಮನುಷ್ಯ ಕೇಳಿದ.

"ಹೆಸರು ಬರಂಗಿಲ್ರಿ ಇದ್ರಾಗ. ಟ್ಯಾಂಕಿನ ಎಡಕ್ಕ, ಮೊದಲನೇದು. ಊರಾಗ ಕೇಳಿದ್ರ ಯಾರಾದ್ರೂ ಹೇಳ್ತಾರ."

ಸರ್ವರಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಮುಂದೆ ಹೋಗಿ ಪರದೆಯನ್ನೇ ದಿಟ್ಟಿಸಿದಳು. ಹೊನ್ನೂರಮ್ಮನ ಮಾಳಿಗೆಯ ಮೇಲೆ ಒಣಹಾಕಿದ್ದ ಬಟ್ಟೆಯ ಬಿಳಿ ಗುರುತು ಕೂಡ ಕಾಣುವಂತಿತ್ತು.

"ಸರ, ಇದನ್ನ ಇವ್ರಿಗೆ ಯಾಕ ತೋರಸಾಕತ್ತೀರಿ?"

"ನಿಮಗ್ಯಾಕ ಅದು? ಬ್ಯಾಟರಿ ತಗೊಂಡು ಹೋಗ್ರಿ. ಹಂಗ ಆ ಮೂವತ್ತೇಳು ಫಾರಂನೂ ಇಲ್ಲೇ ಕಳಸಿ ಹೋಗ್ರಿ, ಇಲ್ಲಿ ಸಿಗ್ನಲ್ ಚಲೋ ಐತಿ."

"ಕಳಸಂಗಿಲ್ಲ."

ಅಷ್ಟೇ ಹೇಳಿ ಆಕೆ ಹೊರಗೆ ನಡೆದಳು. ನಾನು ಹಿಂದೆ ಓಡಿದೆ. ರಸ್ತೆಯ ಅಂಚಿನಲ್ಲಿ ನಿಂತು ಮೊಬೈಲಿನ ಹಿಂಬದಿ ತೆರೆದು, ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡನ್ನು ಹೊರಗೆ ತೆಗೆದಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು.

"ಸುಂಕಪ್ಪ, ನಾನು ಸುಳ್ಳಿ ಆದೆನೋ. ಅಷ್ಟೂ ಮನಿಗೆ ಹೋಗಿ ಸುಳ್ಳು ಹೇಳೀನಿ. ಹೆಸರು ಬರ್ಯಂಗಿಲ್ಲ ಅಂತ ಮನೀನ ಬರ್ಕೊಟ್ಟೀನಿ."

ಅಲ್ಲಿಂದಲೇ ಸೌಂದರ್ಯ ಅವರಿಗೆ ಫೋನು ಮಾಡಿದಳು. ನಕ್ಷೆಯನ್ನು ಹೊರಗಿನವರಿಗೆ ತೋರಿಸಿದ್ದು ಕೇಳಿ ಅವರಿಗೆ ಸಿಟ್ಟು ಬಂತು, ಶಶಿಕಾಂತನಿಗೆ ನಕ್ಷೆ ತೆರೆಯದ ಹಾಗೆ ಇವತ್ತೇ ಮಾಡುತ್ತೇನೆ ಎಂದರು. ಆದರೆ ಮನೆಗಳ ಜಾಗ ಅಳಿಸುವ ಮಾತಿಗೆ ಒಪ್ಪಲಿಲ್ಲ. "ಚಿಮಣಿಯಿಂದ ಮನೆ ಎಷ್ಟು ದೂರ ಇದೆ ಅಂತ ಗೊತ್ತಾಗದಿದ್ರೆ ಇಡೀ ಅಧ್ಯಯನಕ್ಕೆ ಬೆಲೆ ಇಲ್ಲ ಸರ್ವರಬಿ. ಅದು ನಮ್ಮ ಹತ್ತಿರ ಭದ್ರವಾಗಿರುತ್ತೆ."

"ಭದ್ರ ಇದ್ದದ್ದು ಇವತ್ತು ಮೇಜಿನ ಮ್ಯಾಲೆ ಬಂದಿತ್ತಲ್ರಿ. ನೀವು ಒಳ್ಳೇರು, ನನಗ ಗೊತ್ತೈತಿ. ನಾಳೆ ನಿಮ್ಮ ಕುರ್ಚಿ ಮ್ಯಾಲ ಯಾರು ಕುಂದರ್ತಾರ ಅದು ನಿಮಗ ಗೊತ್ತೈತೇನ್ರಿ?"

ಸರ್ವರಕ್ಕ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ನೀವು ಯೋಚನಿ ಮಾಡ್ರಿ ಮೇಡಂ. ಅಲ್ಲೀಮಟ ಕಾರ್ಡು ನನ್ನ ಕಡೆ ಇರತೈತಿ. ನಾನು ಊರಿಗೆ ಹೊಂಟೀನಿ. ಒಂದೊಂದು ಮನಿಗೂ ಹೋಗಿ, ನಾ ಹೇಳಿದ್ದು ಸುಳ್ಳಾತು ಅಂತ ಹೇಳಿ ಬರ್ತೀನಿ."

ಅವತ್ತೇ ಕುರುಗೋಡಿನ ಬಸ್ಸು ಹತ್ತಿದಳು. ನಾನೂ ಹತ್ತಿದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ಎರಡು ದಿನ ಆಕೆ ತಾನು ಸರ್ವೆ ಮಾಡಿದ್ದ ಐವತ್ತೆಂಟೂ ಮನೆ ತಿರುಗಿದಳು. ಸರ್ವೆ ಮಾಡುವವಳು ತಿರುಗಿ ಬಂದು ತಪ್ಪು ಒಪ್ಪಿಕೊಂಡದ್ದನ್ನು ಆ ಜನ ಎಂದೂ ಕಂಡಿರಲಿಲ್ಲ. ಆಕೆ ಮೊಬೈಲು ತೋರಿಸಿ ಹೇಳುತ್ತಿದ್ದಳು: ಇದು ನಿಮ್ಮ ಹೆಸರು ಬರೆಯುವುದಿಲ್ಲ, ಆದರೆ ನಿಮ್ಮ ಮನೆ ಎಲ್ಲಿದೆ ಅಂತ ಬರೆಯುತ್ತದೆ. ಕೆಲವು ಮನೆಗಳದ್ದನ್ನು ಕಾರ್ಖಾನೆಯವರು ನೋಡಿದ್ದಾರೆ. ನಿಮ್ಮದನ್ನು ಇಡಬೇಕೋ ಅಳಿಸಬೇಕೋ ನೀವೇ ಹೇಳಿರಿ. ಒಬ್ಬ ಮುದುಕ ಕೋಲೆತ್ತಿಕೊಂಡು ಬಂದ. ಯಂಕಮ್ಮ ಎನ್ನುವವಳು ಮುಖಕ್ಕೆ ಬಾಗಿಲು ಹಾಕಿದಳು. ಸರ್ವರಕ್ಕ ಹೊಸ್ತಿಲಲ್ಲೇ ಕೂತಳು. ಅರ್ಧ ಗಂಟೆಯ ನಂತರ ಬಾಗಿಲು ತೆರೆದ ಯಂಕಮ್ಮ, "ಅಳಿಸು, ನಮ್ದು ಅಳಿಸು," ಎಂದಳು. ಸರ್ವರಕ್ಕ ರಟ್ಟಿನ ಹಾಳೆಯ ಹಿಂದೆ ಫಾರಂ ನಂಬರು ಗುರುತು ಹಾಕಿಕೊಂಡಳು.

ಹೊನ್ನೂರಮ್ಮನ ಮನೆಗೆ ಹೋದಾಗ ಕಾರ್ಖಾನೆಯವರು ಆಗಲೇ ಬಂದು ಹೋಗಿದ್ದರು. ಮೊಮ್ಮಗಳಿಗೆ ಔಷಧ ಕೊಡಿಸುತ್ತೇವೆ, ಕೆಮ್ಮಿಗೆ ಒಲೆಯ ಹೊಗೆ ಕಾರಣ ಅಂತ ಹೇಳು ಎಂದಿದ್ದರಂತೆ. ಸರ್ವರಕ್ಕ ಎರಡೂ ಕೈ ಜೋಡಿಸಿದಳು. "ತಪ್ಪಾತು ಹೊನ್ನೂರಕ್ಕ. ನಿಂದು ಅಳಿಸಿಬಿಡಸ್ತೀನಿ."

ಹೊನ್ನೂರಮ್ಮ ಎದ್ದು ನಿಂತಳು. "ಯಾಕ ಅಳಸ್ತಿ? ನನ್ನ ಮನಿ ಎಲ್ಲೈತಿ ಅಂತ ಅವ್ರಿಗೆ ಮೊದಲ ಗೊತ್ತಿತ್ತು, ಇವ್ರ ಧೂಳು ದಿನಾ ವಿಳಾಸ ಕೇಳದ ಬರ್ತೈತಿ. ನಂದು ಇರ್ಲಿ. ಬೇಕಾದ್ರ ಹೆಸರೂ ಬರಕೊ, ಹೊನ್ನೂರಮ್ಮ ಅಂತ ದಪ್ಪನ ಅಕ್ಷರದಾಗ. ಆದ್ರ ಪಾರಮ್ಮಂದು ಇಡಬ್ಯಾಡ. ಆಕಿ ಗಂಡ ಅಲ್ಲೇ ದುಡೀತಾನ, ನಿನ್ನೆಯಿಂದ ಆಕಿ ನೀರಿಗೂ ಹೊರಗ ಬಂದಿಲ್ಲ."

ಐವತ್ತೆಂಟರಲ್ಲಿ ಹನ್ನೊಂದು ಮನೆಯವರು ಅಳಿಸು ಎಂದರು. ನಲವತ್ತೇಳು ಮನೆಯವರು ಇರಲಿ ಎಂದರು. ಸಂಜೆ ಬಸ್ಸಿಗೆ ಕಾಯುವಾಗ ಸರ್ವರಕ್ಕ ಆ ಹಾಳೆಯನ್ನೇ ನೋಡುತ್ತಿದ್ದಳು. "ಮೊದಲ ಹಿಂಗ ಕೇಳಬೇಕಿತ್ತು ನೋಡೋ," ಎಂದಳು.

ಬಳ್ಳಾರಿಯಲ್ಲಿ ಅಷ್ಟರೊಳಗೆ ಗೌಸ್ ಅವರ ಶೆಡ್ಡು ಖಾಲಿಯಾಗಿತ್ತು. ಆ ಕಾರ್ಖಾನೆಗೆ ಅದಿರು ಹೊರುವ ಟಿಪ್ಪರುಗಳೇ ಅವರ ಮುಖ್ಯ ಗಿರಾಕಿಗಳು. ಅವು ಬರುವುದು ನಿಂತಿತ್ತು. ಮಂಗಳವಾರ ಮಧ್ಯಾಹ್ನ ಶಶಿಕಾಂತ್ ನನ್ನನ್ನು ಜೊತೆಗೆ ಕರೆದುಕೊಂಡು ಕೌಲ್ ಬಜಾರಿನ ಅವರ ಮನೆಗೆ ಹೋದ. ಸಾಕ್ಷಿಗೆ ಒಬ್ಬ ಬೇಕಾಗಿತ್ತು. ಗೌಸ್ ಬಾಗಿಲಲ್ಲಿ ಕೂತಿದ್ದರು. ಅವರ ಕೈಗಳು ತೊಳೆದು ಸ್ವಚ್ಛವಾಗಿದ್ದವು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಸರ್ವರಕ್ಕ ಮೊಬೈಲನ್ನು ಶಶಿಕಾಂತನ ಮುಂದೆ ಇಟ್ಟಳು. "ಇದು ನಿಮ್ದು. ತಗೋರಿ."

ಅವನು ಹಿಂಬದಿ ತೆರೆದು ನೋಡಿದ. "ಕಾರ್ಡು ಎಲ್ಲಿ?"

"ಅದರಾಗಿರೋ ಮಾತು ನಿಮ್ದಲ್ಲ."

"ಆಫೀಸಿನ ಮಾಲು ಅದು. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಕಳವು ಅಂತ ಬರಸ್ತೀನಿ. ಇವ ಸಾಕ್ಷಿ ಅದಾನ."

"ನಡೀರಿ, ಈಗ ಹೋಗೂಣು." ಸರ್ವರಕ್ಕ ಬುರ್ಖಾ ಕೈಗೆತ್ತಿಕೊಂಡಳು. "ಸ್ಟೇಷನ್ನಿಗೆ ನಾನ ಬರ್ತೀನಿ. ಕಾರ್ಡಿನಾಗ ಏನೈತಿ, ಆ ನಕ್ಷಾ ನೀವು ಯಾರಿಗೆ ತೋರಿಸಿದ್ರಿ, ಆಮ್ಯಾಲ ಯಾರು ಹಳ್ಳಿಗೆ ಹೋದ್ರು, ಎಲ್ಲಾ ಅಲ್ಲೇ ಹೇಳ್ತೀನಿ. ಬರ್ರಿ, ಯಾಕ ನಿಂತ್ರಿ?"

ಶಶಿಕಾಂತ್ ಗೌಸ್ ಕಡೆ ತಿರುಗಿದ. "ಭಾಯ್, ಹೇಳ್ರಿ ಸ್ವಲ್ಪ. ನಿಮ್ಮ ಶೆಡ್ಡಿಗೆ ಲಾರಿ ಬರಬೇಕೋ ಬ್ಯಾಡೋ?"

ಗೌಸ್ ತುಂಬ ಮಾತಿನವರಲ್ಲ. ಹೆಂಡತಿಯ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. "ಲಾರಿ ಬರ್ಲಿಲ್ಲ ಅಂದ್ರ ಟ್ರ್ಯಾಕ್ಟರ್ ರಿಪೇರಿ ಮಾಡ್ತೀನ್ರಿ," ಎಂದರು. "ಆಕಿ ಕೊಟ್ಟ ಮಾತು ರಿಪೇರಿ ಮಾಡಾಕ ನನಗ ಬರಂಗಿಲ್ಲ."

ಶಶಿಕಾಂತ್ ನನ್ನ ಭುಜ ಹಿಡಿದ. "ಸುಂಕಪ್ಪ, ಬರದು ಕೊಡು. ಕಾರ್ಡು ಆಕಿ ತಗದಿದ್ದು ನೀ ನೋಡೀದಿ."

ನೋಡಿದ್ದು ನಿಜವೇ. ಮಿಲ್ಲಿನ ಕಣದ ವಿಷಯದಲ್ಲೂ ಹಾಗೇ, ಕಂಡದ್ದನ್ನೇ ಬರೆದು ಸುಳ್ಳು ಹೇಳಿದ್ದೆ. ಎರಡನೆಯ ಸಲ ನನ್ನಿಂದಾಗಲಿಲ್ಲ. "ಬರ್ಯಂಗಿಲ್ರಿ," ಎಂದೆ. ದನಿ ಸಣ್ಣದಾಗಿತ್ತು. ಎರಡನೆಯ ಮಾತಿಗೆ ಸ್ವಲ್ಪ ಗಟ್ಟಿಯಾಯಿತು. "ಕಳ್ಳ ಫಾರಂ ಬೇಕಂದ್ರ ನನ್ನ ಮೊಬೈಲಿನಾಗ ಅದಾವು. ಸಿರುಗುಪ್ಪದಾಗ ಅರ್ಧ ನಾನ ತುಂಬೀನಿ. ಮೇಡಂಗೆ ನಾನ ಹೇಳ್ತೀನಿ."

ಶಶಿಕಾಂತ್ ಪೊಲೀಸರ ಹತ್ತಿರ ಹೋಗಲಿಲ್ಲ. ಮೊಬೈಲು ಜೇಬಿಗೆ ಹಾಕಿಕೊಂಡು ಹೊರಟುಹೋದ. ಸರ್ವರಕ್ಕ ನನಗೆ ಒಂದು ತಂಬಿಗೆ ನೀರು ಕೊಟ್ಟಳು. "ಸಹಿ ಹಾಕಿದ ದಿನಾನ ಇದನ್ನ ಹೇಳಿದ್ರ ಆಗ್ತಿತ್ತಲ್ಲೋ," ಎಂದಳು. ಅದರಲ್ಲಿ ಕ್ಷಮೆಯೂ ಇತ್ತು, ಏಟೂ ಇತ್ತು.

ಆ ವಾರದ ಕೊನೆಗೆ ಸೌಂದರ್ಯ ಬಂದರು. ಸರ್ವರಕ್ಕನ ಮನೆಯ ಹೊಲಿಗೆ ಮಷೀನಿನ ಪಕ್ಕ ಚಾಪೆಯ ಮೇಲೆ ಕೂತರು. ನಾನು ನನ್ನ ಸುಳ್ಳು ಫಾರಂಗಳ ಪಟ್ಟಿ ಕೊಟ್ಟೆ. ಅವರು ಅದನ್ನು ಓದಿ ಚೀಲದಲ್ಲಿಟ್ಟುಕೊಂಡರು. ಸರ್ವರಕ್ಕನ ಜೊತೆ ಜಗಳ ಎರಡು ಗಂಟೆ ನಡೆಯಿತು. ಜಗಳ ಎಂದೇ ಹೇಳಬೇಕು.

"ನಿಮಗ ಬೇಕಾಗಿದ್ದು ಚಿಮಣಿಗೂ ಮನಿಗೂ ಇರೋ ದೂರ. ಅದನ್ನ ಈಗ ಲೆಕ್ಕ ಹಾಕ್ರಿ, ಬರಕೋರಿ. ಹತ್ರ, ನಡುವ, ದೂರ ಅಂತ ಮೂರು ನಂಬರ್ ಒತ್ತಿ ಬಿಡ್ರಿ. ಆಮ್ಯಾಲ ಜಾಗ ಯಾಕ ಬೇಕು?"

ಸೌಂದರ್ಯ ಲ್ಯಾಪ್‌ಟಾಪು ತೆರೆದು ನಕ್ಷೆ ನೋಡಿದರು. ಆಮೇಲೆ ತಲೆಯಾಡಿಸಿದರು. "ಅದು ಸಾಕಾಗುತ್ತೆ," ಎಂದರು. "ಇದನ್ನ ನಾವೇ ಯೋಚಿಸಬೇಕಿತ್ತು."

ಸರ್ವರಕ್ಕ ಸೆರಗಿನ ಗಂಟು ಬಿಚ್ಚಿ ಕಾರ್ಡನ್ನು ತಾನೇ ಅದಕ್ಕೆ ಸಿಗಿಸಿದಳು. ಆಕೆಯ ಕಣ್ಣೆದುರೇ ಸೌಂದರ್ಯ ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಮನೆಗಳ ಫಾರಂ ಅಳಿಸಿದರು. ಉಳಿದ ಮನೆಗಳ ದೂರ ಬರೆದುಕೊಂಡು ಜಾಗ ತೆಗೆದರು. ಚುಕ್ಕಿಗಳು ಒಂದೊಂದಾಗಿ ನಕ್ಷೆಯಿಂದ ಹೋದವು. ಸರ್ವರಕ್ಕ ಪ್ರತಿಯೊಂದನ್ನೂ ತನ್ನ ಹಾಳೆಯೊಡನೆ ತಾಳೆ ನೋಡಿದಳು. ಎಲ್ಲ ಮುಗಿದ ಮೇಲೆಯೇ ಕಾರ್ಡನ್ನು ಅವರಿಗೆ ಬಿಟ್ಟುಕೊಟ್ಟಳು. ಹೊನ್ನೂರಮ್ಮ ಹೆಸರು ಬರೆಯಲು ಹೇಳಿದ್ದಳಲ್ಲ ಎಂದು ನಾನು ನೆನಪಿಸಿದೆ. "ಆಕಿ ಧೈರ್ಯ ಆಕೀದು," ಎಂದಳು. "ಅದನ್ನ ನಾನು ಖರ್ಚು ಮಾಡಬಾರದು."

ಆ ಸರ್ವೆಯ ಉಳಿದ ಕೆಲಸವನ್ನು ಸಂಸ್ಥೆಯವರು ಶಶಿಕಾಂತನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ನನ್ನನ್ನು ಬಿಟ್ಟರು, ಅದು ನ್ಯಾಯವೇ. ಮರುವರ್ಷ ವರದಿ ಅಚ್ಚಾಯಿತು. ಅದರಲ್ಲಿ ಆ ಹಳ್ಳಿಗೆ ಹೆಸರಿರಲಿಲ್ಲ, ಒಂದು ನಂಬರು ಮಾತ್ರ ಇತ್ತು. ಚಿಮಣಿಗೆ ಹತ್ತಿರದ ಮನೆಗಳಲ್ಲಿ ಕೆಮ್ಮು ದೂರದ ಮನೆಗಳಿಗಿಂತ ಎರಡೂವರೆ ಪಟ್ಟು ಎಂದು ಬರೆದಿತ್ತು. ಅದರಿಂದ ಕಾರ್ಖಾನೆ ಮುಚ್ಚಲಿಲ್ಲ, ಚಿಮಣಿಗೆ ಧೂಳು ತಡೆಯುವ ಜರಡಿಯನ್ನೂ ಹಾಕಲಿಲ್ಲ. ಹೊನ್ನೂರಮ್ಮ ಆ ವರದಿಯ ಪ್ರತಿ ಹಿಡಿದು ಗ್ರಾಮಸಭೆಯಲ್ಲಿ ನಿಂತಳೆಂದು ಕೇಳಿದ್ದೇನೆ.

ಸರ್ವರಕ್ಕನಿಗೆ ಎರಡು ವರ್ಷ ಯಾರೂ ಕೆಲಸ ಕೊಡಲಿಲ್ಲ. ಆಕೆ ಕಿರಿಕಿರಿಯ ಹೆಂಗಸು ಎಂದು ಶಶಿಕಾಂತ್ ಎಲ್ಲ ಕಡೆ ಹೇಳಿದ್ದ. ಆಕೆ ಮತ್ತೆ ಜಿಪ್ ಹಚ್ಚಿದಳು. ಗೌಸ್ ಟ್ರ್ಯಾಕ್ಟರ್ ರಿಪೇರಿಗೆ ಇಳಿದರು. 2011ರಲ್ಲಿ ಕೋರ್ಟಿನ ಆದೇಶದಿಂದ ಗಣಿಗಳು ನಿಂತು ಊರಿನ ಟಿಪ್ಪರುಗಳೆಲ್ಲ ಸಾಲಾಗಿ ಮಲಗಿದಾಗ, ಕೆಲಸವಿದ್ದ ಕೆಲವೇ ಶೆಡ್ಡುಗಳಲ್ಲಿ ಅವರದೂ ಒಂದು.

ಆ ವರ್ಷದ ಕೊನೆಗೆ ಬೇರೊಂದು ಸಂಸ್ಥೆಯವರು ಕಂಟೋನ್ಮೆಂಟಿನ ಒಂದು ಹಾಲಿನಲ್ಲಿ ಸರ್ವೆಯ ತರಬೇತಿ ಇಟ್ಟರು. ಸೌಂದರ್ಯ ಹೆಸರು ಹೇಳಿದ್ದರಿಂದ ಸರ್ವರಕ್ಕನಿಗೂ ಕರೆ ಬಂತು. ಈ ಸಲ ಬೆರಳಿನಿಂದ ಮುಟ್ಟಿದರೆ ತೆರೆಯುವ ಟ್ಯಾಬ್ಲೆಟ್ಟುಗಳು. ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತಿತ್ತು, ಮಾತನ್ನೂ ಧ್ವನಿಮುದ್ರಣ ಮಾಡಿಕೊಳ್ಳುತ್ತಿತ್ತು. ಒಂಬತ್ತು ಜನ ಹೆಂಗಸರಿದ್ದರು. ಅವರಲ್ಲಿ ಒಬ್ಬಳಾದ ಹುಮೇರಾ ಮುಂದೆ ನಡೆದದ್ದನ್ನು ನನಗೆ ಹೇಳಿದಳು.

ಅಧಿಕಾರಿ ಎಲ್ಲವನ್ನೂ ವಿವರಿಸಿ, ಏನಾದರೂ ಸಂಶಯವಿದೆಯೇ ಎಂದು ಕೇಳಿದ. ಸರ್ವರಕ್ಕ ಎದ್ದು ನಿಂತಳು.

"ಈ ಧ್ವನಿ ಎಲ್ಲಿಗೆ ಹೋಗ್ತೈತಿ? ಯಾರು ಯಾರು ಕೇಳ್ತಾರ? ಎಷ್ಟು ದಿನ ಇಟ್ಕೊಂತೀರಿ? ಮನಿಯವ್ರು ಬ್ಯಾಡ ಅಂದ್ರ ಯಾರು ಅಳಸ್ತಾರ?"

"ಅಮ್ಮ, ಅದೆಲ್ಲ ನಿಮಗೆ ಸಂಬಂಧಪಟ್ಟ ವಿಷಯ ಅಲ್ಲ. ಸರ್ವರ್ ಕಂಪ್ಯೂಟರ್ ನೋಡಿಕೊಳ್ಳೋರು ಬೇರೆ ಇದ್ದಾರೆ."

ಸರ್ವರಕ್ಕ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲು ಇಟ್ಟಳು. "ಬಾಗ್ಲಾಗ ನಿಂತು ಮಾತು ಕೊಡೋಕಿ ನಾನು. ಸಂಬಂಧ ನಂದು," ಎಂದು ಹೊರಗೆ ನಡೆದಳು. ಹುಮೇರಾ ತನ್ನದನ್ನೂ ಬೋರಲು ಇಟ್ಟು ಎದ್ದಳು. ಆಮೇಲೆ ಉಳಿದ ಏಳು ಜನ. ಅಂಗಳದ ಬೇವಿನ ಮರದ ಕೆಳಗೆ ಒಂಬತ್ತೂ ಜನ ಬುತ್ತಿ ಬಿಚ್ಚಿ ಉಂಡರು. ಊಟ ಮುಗಿಯುವ ಹೊತ್ತಿಗೆ ಆ ಅಧಿಕಾರಿ ಫೋನನ್ನು ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದ. ಸರ್ವರಕ್ಕ ಕೇಳಿದ ನಾಲ್ಕು ಪ್ರಶ್ನೆಗಳನ್ನು ಬೆಂಗಳೂರಿನವರಿಗೆ ಒಂದೊಂದಾಗಿ ಓದಿ ಹೇಳುತ್ತಿದ್ದ.